ನ್ಯೂಜೆರ್ಸಿ ತಮ್ಮನ ಐವತ್ತು ಸಾವಿರ

2023ರ ಏಪ್ರಿಲ್. ದಾವಣಗೆರೆಯ ಬಿಸಿಲು ಗೊತ್ತಲ್ಲ, ಫ್ಯಾನ್ ಹಾಕಿದರೂ ಬಿಸಿ ಗಾಳಿಯೇ ಬರುತ್ತದೆ. ವಿಧಾನಸಭೆಗೆ ಪಕ್ಷೇತರರಾಗಿ ನಿಂತಿದ್ದ ಪರಿಚಯದವರೊಬ್ಬರ ಖರ್ಚಿನ ಲೆಕ್ಕ ಬರೆಯುತ್ತ ಕೂತಿದ್ದೆ. ಚುನಾವಣೆಗೆ ನಿಂತವರಿಗೆ ಒಂದು ರಿಜಿಸ್ಟರ್ ಕೊಡುತ್ತಾರೆ. ಅದರಲ್ಲಿ ಮೂರು ಬಣ್ಣದ ಹಾಳೆಗಳು. ಬಿಳಿ ಹಾಳೆಯಲ್ಲಿ ದಿನದ ಖರ್ಚು, ಗುಲಾಬಿಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕು. ಆಟೋ ಬಾಡಿಗೆ, ಮೈಕ್ ಸೆಟ್, ಕುರ್ಚಿ, ಶಾಮಿಯಾನ, ಹುಡುಗರಿಗೆ ಕೊಡಿಸಿದ ಮಂಡಕ್ಕಿ ಮಿರ್ಚಿ, ಎಲ್ಲವೂ ಅದರಲ್ಲಿ ಬರಬೇಕು.

ಅಷ್ಟರಲ್ಲಿ ಅಭ್ಯರ್ಥಿ ಒಳಗೆ ಬಂದರು. "ನ್ಯೂಜೆರ್ಸಿಯಲ್ಲಿ ನಮ್ಮ ಚಿಕ್ಕಪ್ಪನ ಮಗ ಇದಾನಲ್ರೀ, ಐವತ್ತು ಸಾವಿರ ಹಾಕ್ತೀನಿ ಅಂತಾನೆ. ಅಕೌಂಟ್ ನಂಬರ್ ಕಳಿಸಲೇನು?"

"ಅವರ ಪಾಸ್‌ಪೋರ್ಟ್ ಯಾವುದು?" ಅಂದೆ.

"ನೀಲಿದು."

ಭಾರತದ್ದೂ ನೀಲಿ, ಅಮೆರಿಕದ್ದೂ ನೀಲಿ! ಕೊನೆಗೆ ಫೋನ್ ಮಾಡಿಯೇ ಕೇಳಿದೆವು. ಆ ತಮ್ಮ ಅಮೆರಿಕದ ಪ್ರಜೆ ಆಗಿ ಆರು ವರ್ಷ ಆಗಿತ್ತು. ಕೈಯಲ್ಲಿ ಒಸಿಐ ಕಾರ್ಡ್, ಅಂದರೆ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್ ಇತ್ತು. "ಹಂಗಾದ್ರೆ ಬೇಡ" ಅಂದೆ. ಅಭ್ಯರ್ಥಿಗೆ ಸಿಟ್ಟು ಬಂತು. "ಇದೇ ಊರಲ್ಲಿ ಹುಟ್ಟಿ, ಇದೇ ಬೆಣ್ಣೆ ದೋಸೆ ತಿಂದು ಬೆಳೆದ ಹುಡುಗ ಅವನು. ಅವನು ಹೆಂಗ್ರೀ ಫಾರಿನ್ನರ್ ಆಗ್ತಾನೆ?"

ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಕಾನೂನು ಕೇಳುವ ಪ್ರಶ್ನೆ ಬೇರೆ.

ನಮ್ಮಲ್ಲಿ ಇದನ್ನು ನೋಡಿಕೊಳ್ಳುವುದು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ. ಎಫ್‌ಸಿಆರ್‌ಎ ಅಂದರೆ ಜಾಸ್ತಿ ಜನಕ್ಕೆ ಗೊತ್ತು. ಮೊದಲು ಬಂದಿದ್ದು 1976ರಲ್ಲಿ, ತುರ್ತು ಪರಿಸ್ಥಿತಿಯ ಹೊತ್ತಿನಲ್ಲಿ. ಆಗ ಎಲ್ಲದಕ್ಕೂ 'ವಿದೇಶಿ ಕೈವಾಡ' ಅನ್ನುವ ಮಾತು ಕೇಳಿಬರುತ್ತಿತ್ತು. 2010ರಲ್ಲಿ ಅದನ್ನು ತೆಗೆದು ಹೊಸ ಕಾಯ್ದೆ ತಂದರು. ಅದರ 3ನೇ ಸೆಕ್ಷನ್ ನೇರವಾಗಿದೆ. ಚುನಾವಣೆಗೆ ನಿಂತ ಅಭ್ಯರ್ಥಿ, ಶಾಸಕ, ಸಂಸದ, ರಾಜಕೀಯ ಪಕ್ಷ, ಪಕ್ಷದ ಪದಾಧಿಕಾರಿ, ಇವರು ಯಾರೂ ವಿದೇಶಿ ಮೂಲದಿಂದ ದೇಣಿಗೆ ತೆಗೆದುಕೊಳ್ಳುವಂತಿಲ್ಲ. ನ್ಯಾಯಾಧೀಶರು, ಸರ್ಕಾರಿ ನೌಕರರು, ಪತ್ರಿಕೆಯ ಸಂಪಾದಕರು ಕೂಡ ಅದೇ ಪಟ್ಟಿಯಲ್ಲಿದ್ದಾರೆ. ತಪ್ಪಿದರೆ ಐದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಇದೆಲ್ಲ ದೊಡ್ಡ ಚುನಾವಣೆಗೆ ಮಾತ್ರ ಅಂದುಕೊಳ್ಳಬೇಡಿ. ಆ ಕಾಯ್ದೆಯಲ್ಲಿ 'ಶಾಸನಸಭೆ' ಅನ್ನುವ ಮಾತಿನೊಳಗೆ ನಗರಸಭೆ, ಪಂಚಾಯ್ತಿಗಳೂ ಸೇರುತ್ತವೆ. ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ಗ್ರಾಮ ಪಂಚಾಯ್ತಿಗೆ ನಿಂತವನಿಗೂ ಇದೇ ಕಟ್ಟು.

ವಿದೇಶಿ ಮೂಲ ಯಾರು ಅನ್ನುವುದನ್ನು ಕಾನೂನು ಪೌರತ್ವ ನೋಡಿ ಹೇಳುತ್ತದೆ. ಹುಟ್ಟಿದ ಊರು, ಮಾತಾಡುವ ಭಾಷೆ ಇಲ್ಲಿ ಲೆಕ್ಕಕ್ಕಿಲ್ಲ. ನಮ್ಮ ಅಭ್ಯರ್ಥಿಯ ತಮ್ಮ ಇನ್ನೂ ಗ್ರೀನ್ ಕಾರ್ಡ್‌ನಲ್ಲೇ ಇದ್ದಿದ್ದರೆ ಭಾರತದ ಪ್ರಜೆಯಾಗಿಯೇ ಉಳಿದಿರುತ್ತಿದ್ದ. ತನ್ನ ಸಂಪಾದನೆಯಿಂದ, ಬ್ಯಾಂಕಿನ ಮೂಲಕ ಐವತ್ತು ಸಾವಿರ ಕಳಿಸಬಹುದಿತ್ತು. ಇನ್ನೂ ತಮಾಷೆ ಅಂದರೆ, ಗ್ರೀನ್ ಕಾರ್ಡ್ ಇದ್ದವರು ಅಮೆರಿಕದ ಚುನಾವಣೆಗೂ ದೇಣಿಗೆ ಕೊಡಬಹುದು. ಅಂದರೆ ಆ ಕೆಲವು ವರ್ಷ ಒಬ್ಬ ಮನುಷ್ಯ ಎರಡೂ ದೇಶದ ಎಲೆಕ್ಷನ್‌ಗೆ ದುಡ್ಡು ಹಾಕಬಹುದು. ಪ್ರಮಾಣ ವಚನ ತೆಗೆದುಕೊಂಡು ಅಲ್ಲಿನ ಪ್ರಜೆ ಆದ ದಿನ ಇಲ್ಲಿನ ಬಾಗಿಲು ಮುಚ್ಚುತ್ತದೆ. ಎಚ್-1ಬಿ ವೀಸಾದವರದು ಇದಕ್ಕೆ ಉಲ್ಟಾ. ಇಲ್ಲಿ ಕೊಡಬಹುದು, ಅಲ್ಲಿ ಕೊಡುವ ಹಾಗಿಲ್ಲ.

ಅಭ್ಯರ್ಥಿ ಅಷ್ಟಕ್ಕೇ ಬಿಡಲಿಲ್ಲ. ಅವನಿಗೆ ಇಲ್ಲೇ ಒಂದು ಎನ್‌ಆರ್‌ಒ ಖಾತೆ ಇದೆ, ರೂಪಾಯಿಯಲ್ಲೇ ಕೊಡ್ತಾನೆ ಅಂದರು. ರೂಪಾಯಿ ಆದರೂ ಅಷ್ಟೇ. ಕಾಯ್ದೆ 'ಭಾರತದ ಅಥವಾ ವಿದೇಶದ ಯಾವುದೇ ಹಣ' ಎನ್ನುತ್ತದೆ. ನೋಟು ಯಾರದು ಅನ್ನುವುದು ಮುಖ್ಯ ಅಲ್ಲ, ಕೊಡುವವರು ಯಾರು ಅನ್ನುವುದು ಮುಖ್ಯ. ಸರಿ, ಚಿಕ್ಕಪ್ಪನ ಖಾತೆಗೆ ಹಾಕಿಸಿ ಅಲ್ಲಿಂದ ಇಸ್ಕೊಂಡರೆ? ಅದನ್ನೂ ಮೊದಲೇ ಯೋಚಿಸಿದ್ದಾರೆ. ವಿದೇಶಿ ಮೂಲದಿಂದ ಬಂದ ಹಣ ನಡುವೆ ಎಷ್ಟು ಕೈ ದಾಟಿದರೂ ವಿದೇಶಿ ದೇಣಿಗೆಯೇ.

"ಸಂಬಂಧಿಕರು ಕೊಟ್ರೆ ನಡೀತದೆ ಅಂತ ಯಾರೋ ಅಂದ್ರಲ್ರೀ" ಅಂದರು ಕೊನೆಗೆ. ಅದು ನಿಜ. 4ನೇ ಸೆಕ್ಷನ್‌ನಲ್ಲಿ ಸಂಬಂಧಿಕರಿಗೆ ವಿನಾಯ್ತಿ ಇದೆ. ಆದರೆ ಸಂಬಂಧಿ ಯಾರು ಅನ್ನುವುದಕ್ಕೆ ಕಂಪನಿ ಕಾಯ್ದೆಯ ಪಟ್ಟಿ ನೋಡಬೇಕು. ಅದರಲ್ಲಿ ಗಂಡ ಹೆಂಡತಿ, ಅಪ್ಪ ಅಮ್ಮ, ಮಗ ಮಗಳು, ಒಡಹುಟ್ಟಿದವರು ಇದ್ದಾರೆ. ಚಿಕ್ಕಪ್ಪನ ಮಗ ಇಲ್ಲ. ಸೋದರಮಾವನೂ ಇಲ್ಲ. ನಮ್ಮ ಕಡೆ ಚಿಕ್ಕಪ್ಪನ ಮಗನನ್ನು ತಮ್ಮ ಅನ್ನದೆ ಬೇರೆ ಏನಾದರೂ ಅಂದರೆ ಮನೆಯಲ್ಲಿ ಜಗಳ ಆಗುತ್ತದೆ. ಕಾನೂನಿಗೆ ಆ ಹಂಗಿಲ್ಲ.

ಇಷ್ಟು ಬಿಗಿ ಯಾಕೆ? ನಾನು ಅವರಿಗೆ ಜಾತ್ರೆಯ ಲೆಕ್ಕದಲ್ಲಿ ಹೇಳಿದೆ. ದುಗ್ಗಮ್ಮನ ಜಾತ್ರೆಗೆ ಪಟ್ಟಿ ಎತ್ತಿದಾಗ ಎಲ್ಲಿಯವರು ಕೊಟ್ಟರೂ ಸಂತೋಷ. ದೇವಿ ಯಾರ ದುಡ್ಡು ಜಾಸ್ತಿ ಬಂತು ಅಂತ ನೋಡಿ ತೀರ್ಮಾನ ಮಾಡುವುದಿಲ್ಲ. ಶಾಸಕ ಹಾಗಲ್ಲ. ಗೆದ್ದ ಮೇಲೆ ಅವನು ರಸ್ತೆ, ನೀರು, ಗಣಿ, ತೆರಿಗೆ ಎಲ್ಲದರ ಮೇಲೂ ಕೈ ಎತ್ತುತ್ತಾನೆ. ದುಡ್ಡು ಕೊಟ್ಟವರ ಮಾತು ಅವನ ಕಿವಿಗೆ ಮೊದಲು ಬೀಳುತ್ತದೆ. ಆ ತೀರ್ಮಾನದ ಫಲ ಉಣ್ಣುವವರು ನಾವು. ಹೊರಗಿನವರು ಉಣ್ಣುವುದಿಲ್ಲ. ಅಮೆರಿಕದಲ್ಲೂ ಇದೇ ವಾದ ಕೋರ್ಟಿಗೆ ಹೋಗಿತ್ತು. ವೀಸಾದ ಮೇಲೆ ಇದ್ದ ಇಬ್ಬರು, ನಾವೂ ಇಲ್ಲೇ ಬದುಕುತ್ತಿದ್ದೇವೆ, ನಮಗೆ ಯಾಕೆ ದೇಣಿಗೆ ಕೊಡಲು ಬಿಡುವುದಿಲ್ಲ ಎಂದು ಕೇಳಿದರು. 2011ರಲ್ಲಿ ಅಲ್ಲಿನ ಕೋರ್ಟು, ತನ್ನನ್ನು ತಾನು ಆಳಿಕೊಳ್ಳುವ ಕೆಲಸದಿಂದ ವಿದೇಶಿಯರನ್ನು ದೂರ ಇಡುವ ಹಕ್ಕು ದೇಶಕ್ಕೆ ಇದೆ ಎಂದಿತು. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಅಷ್ಟು ಕೇಳಿ ಅಭ್ಯರ್ಥಿ ಸುಮ್ಮನಾದರು. ಸುಮ್ಮನಾಗದೆ ಉಳಿದವನು ನಾನು. ಯಾಕೆ ಅಂದರೆ ಈ ಕಥೆಯ ಇನ್ನೊಂದು ಭಾಗ ನನಗೆ ಗೊತ್ತಿತ್ತು. ಅದು ನಮ್ಮ ಪಕ್ಕದ ಚಿತ್ರದುರ್ಗಕ್ಕೂ ತಾಗುತ್ತದೆ.

ಚಿತ್ರದುರ್ಗದಲ್ಲಿ ಕಬ್ಬಿಣದ ಅದಿರಿನ ಗಣಿ ಇದೆ. ಭೀಮಸಮುದ್ರದ ದಾರಿಯಲ್ಲಿ ಅಡಿಕೆ ತೋಟಗಳ ನಡುವೆ ಅದಿರಿನ ಲಾರಿ ಹೋಗುವುದನ್ನು ನೋಡಿದವರು ಬಹಳ ಮಂದಿ. ಅಲ್ಲಿ ಗಣಿ ನಡೆಸುತ್ತಿದ್ದ ಕಂಪನಿಗಳಲ್ಲಿ ಸೇಸಾ ಗೋವಾ ಒಂದು. ಅದು ಭಾರತದಲ್ಲಿ ನೋಂದಾಯಿಸಿದ ಕಂಪನಿ. ಆದರೆ ಅದರ ಅರ್ಧಕ್ಕಿಂತ ಜಾಸ್ತಿ ಷೇರು ಬ್ರಿಟನ್ನಿನ ವೇದಾಂತ ರಿಸೋರ್ಸಸ್ ಕೈಯಲ್ಲಿತ್ತು. ಸೇಸಾ ಮತ್ತು ಅದೇ ಬಳಗದ ಸ್ಟೆರ್ಲೈಟ್ ಕಂಪನಿಗಳು ಕಾಂಗ್ರೆಸ್ಸಿಗೂ ಬಿಜೆಪಿಗೂ ದೇಣಿಗೆ ಕೊಟ್ಟಿದ್ದವು. ಚುನಾವಣಾ ಸುಧಾರಣೆಗೆ ಕೆಲಸ ಮಾಡುವ ಎಡಿಆರ್ ಸಂಸ್ಥೆ ಮತ್ತು ನಿವೃತ್ತ ಅಧಿಕಾರಿ ಇ.ಎ.ಎಸ್. ಶರ್ಮಾ ದೆಹಲಿ ಹೈಕೋರ್ಟಿಗೆ ಹೋದರು. ವೇದಾಂತದ ಮುಖ್ಯ ಮಾಲೀಕರು ಭಾರತೀಯರು ಅಲ್ವಾ, ಹಣವೂ ಇಲ್ಲೇ ದುಡಿದದ್ದು ಅಲ್ವಾ ಅನ್ನುವ ವಾದ ಬಂತು. 2014ರ ಮಾರ್ಚ್ 28ರಂದು ಕೋರ್ಟು ಅದನ್ನು ಒಪ್ಪಲಿಲ್ಲ. ಷೇರು ಯಾರ ಕೈಯಲ್ಲಿದೆ ಅನ್ನುವುದೇ ಅಳತೆ. ಎರಡೂ ಪಕ್ಷಗಳು ಕಾಯ್ದೆ ಮುರಿದಿವೆ, ಆರು ತಿಂಗಳಲ್ಲಿ ಕ್ರಮ ಕೈಗೊಳ್ಳಿ ಎಂದಿತು.

ಮುಂದೆ ಏನಾಯಿತು ಕೇಳಿ. ಎರಡೂ ಪಕ್ಷಗಳು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹಾಕಿದವು. ಅದು ನಡೆಯುತ್ತಿರುವಾಗಲೇ 2016ರ ಹಣಕಾಸು ಕಾಯ್ದೆಯಲ್ಲಿ 'ವಿದೇಶಿ ಮೂಲ' ಅನ್ನುವುದರ ಅರ್ಥ ಬದಲಾಯಿತು. ಆ ಕ್ಷೇತ್ರದಲ್ಲಿ ಎಷ್ಟು ವಿದೇಶಿ ಬಂಡವಾಳಕ್ಕೆ ಅನುಮತಿ ಇದೆಯೋ ಅಷ್ಟರೊಳಗೆ ಇದ್ದರೆ, ಅರ್ಧಕ್ಕಿಂತ ಜಾಸ್ತಿ ಷೇರು ಹೊರಗಿದ್ದರೂ ಆ ಕಂಪನಿ ವಿದೇಶಿ ಅಲ್ಲ. ಕಬ್ಬಿಣದ ಅದಿರಿನಲ್ಲಿ ಶೇ 100ರಷ್ಟು ವಿದೇಶಿ ಬಂಡವಾಳಕ್ಕೆ ಅವಕಾಶ ಇದೆ. ಅಂದರೆ ಪೂರಾ ಹೊರಗಿನವರದೇ ಆದ ಗಣಿ ಕಂಪನಿಯೂ ಈಗ ಪಕ್ಷಗಳಿಗೆ ದೇಣಿಗೆ ಕೊಡಬಹುದು.

ಅದರಲ್ಲೂ ಒಂದು ಎಡವಟ್ಟಾಗಿತ್ತು. ಬದಲಾವಣೆಯನ್ನು 2010ರ ಸೆಪ್ಟೆಂಬರ್‌ನಿಂದ ಅನ್ವಯ ಮಾಡಿದ್ದರು. ಆದರೆ ಕೋರ್ಟಿನ ಮುಂದಿದ್ದ ದೇಣಿಗೆಗಳು ಅದಕ್ಕಿಂತ ಹಳೆಯವು, 1976ರ ಕಾಯ್ದೆಯ ಕಾಲದವು. ಹಾಗಾಗಿ 2018ರ ಹಣಕಾಸು ಕಾಯ್ದೆಯಲ್ಲಿ ಇನ್ನೊಂದು ತಿದ್ದುಪಡಿ ತಂದು, 1976ರ ಆಗಸ್ಟ್ 5ರಿಂದಲೇ ಅನ್ವಯ ಎಂದರು. ನಲವತ್ತೆರಡು ವರ್ಷ ಹಿಂದಕ್ಕೆ! ಲೋಕಸಭೆಯಲ್ಲಿ ಚರ್ಚೆಯೇ ಇಲ್ಲದೆ ಪಾಸಾಯಿತು. ಉಳಿದ ಎಲ್ಲದಕ್ಕೂ ಕಚ್ಚಾಡುವ ಎರಡು ಪಕ್ಷಗಳು ಈ ಒಂದು ವಿಷಯಕ್ಕೆ ತಕರಾರು ತೆಗೆಯಲಿಲ್ಲ. ನ್ಯೂಜೆರ್ಸಿ ತಮ್ಮನ ಐವತ್ತು ಸಾವಿರಕ್ಕೆ ಮಾತ್ರ ಯಾವ ತಿದ್ದುಪಡಿಯೂ ಬಂದಿಲ್ಲ.

ಇದರ ಜೊತೆಗೆ ಚುನಾವಣಾ ಬಾಂಡ್ ಕೂಡ ಬಂತಲ್ಲ. ಯಾರು ಕೊಟ್ಟರು ಅನ್ನುವುದು ಜನಕ್ಕೆ ಗೊತ್ತಾಗದ ದೇಣಿಗೆ. ಕಂಪನಿ ತನ್ನ ಲಾಭದ ಶೇ 7.5ಕ್ಕಿಂತ ಜಾಸ್ತಿ ಕೊಡಬಾರದು ಅನ್ನುವ ಮಿತಿಯನ್ನೂ 2017ರಲ್ಲಿ ತೆಗೆದಿದ್ದರು. ಇವೆಲ್ಲ ಸೇರಿದರೆ ಬೇನಾಮಿ ಕಂಪನಿಗಳ ಮೂಲಕ ವಿದೇಶಿ ಹಣಕ್ಕೆ ತಡೆ ಇರುವುದಿಲ್ಲ ಎಂದು ಚುನಾವಣಾ ಆಯೋಗವೇ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. 2024ರ ಫೆಬ್ರುವರಿ 15ರಂದು ಐವರು ನ್ಯಾಯಮೂರ್ತಿಗಳ ಪೀಠ ಬಾಂಡ್ ಯೋಜನೆಯನ್ನೂ, ಮಿತಿ ತೆಗೆದದ್ದನ್ನೂ ರದ್ದು ಮಾಡಿತು. ಎಫ್‌ಸಿಆರ್‌ಎ ತಿದ್ದುಪಡಿ ಮಾತ್ರ ಹಾಗೇ ಉಳಿದಿದೆ.

ಇಷ್ಟು ಹೊತ್ತು ಹೇಳಿದ್ದು ದುಡ್ಡಿನ ಮಾತು. ಸಹಾಯ ಅಂದರೆ ದುಡ್ಡೇ ಆಗಬೇಕಿಲ್ಲ. ಕಾನೂನು ತಡವರಿಸುವುದು ಇಲ್ಲೇ.

2019ರಲ್ಲಿ ಪಶ್ಚಿಮ ಬಂಗಾಳದ ರಾಯ್‌ಗಂಜ್‌ನಲ್ಲಿ ಬಾಂಗ್ಲಾದೇಶದ ನಟ ಫಿರ್ದೌಸ್ ಅಹ್ಮದ್ ತೃಣಮೂಲ ಅಭ್ಯರ್ಥಿಯ ಪರ ರೋಡ್ ಶೋನಲ್ಲಿ ನಿಂತರು. ಅವರು ಬಂದಿದ್ದು ಬಿಸಿನೆಸ್ ವೀಸಾದ ಮೇಲೆ. ಗೃಹ ಸಚಿವಾಲಯ ವೀಸಾ ರದ್ದು ಮಾಡಿ, ದೇಶ ಬಿಟ್ಟು ಹೋಗಿ ಎಂದಿತು. ಗಮನಿಸಿ, ಇಲ್ಲಿ ಕೆಲಸಕ್ಕೆ ಬಂದಿದ್ದು ವೀಸಾ ನಿಯಮ, ಚುನಾವಣಾ ಕಾನೂನಲ್ಲ. ಅದೇ ನಟ ಢಾಕಾದಲ್ಲಿ ಕೂತು ಒಂದು ವಿಡಿಯೋ ಮಾಡಿ ಹಾಕಿದ್ದರೆ? ವೀಸಾದ ಪ್ರಶ್ನೆಯೇ ಇರುತ್ತಿರಲಿಲ್ಲ.

ನಮ್ಮ ಎಫ್‌ಸಿಆರ್‌ಎ ದೇಣಿಗೆ ಅಂದರೆ ವಸ್ತು, ಹಣ, ಷೇರುಪತ್ರ ಎನ್ನುತ್ತದೆ. ಯಾರೋ ಪುಕ್ಕಟೆ ಮಾಡಿಕೊಡುವ ಕೆಲಸ ಆ ಮೂರರಲ್ಲಿ ಯಾವುದಕ್ಕೂ ಸುಲಭವಾಗಿ ಹೊಂದುವುದಿಲ್ಲ. ಅಮೆರಿಕದ ಕಾನೂನಿನ ಬಲೆ ಇನ್ನೂ ಅಗಲ. 'ಬೆಲೆಯುಳ್ಳ ಯಾವುದೂ' ವಿದೇಶಿಯರಿಂದ ಬೇಡ ಎನ್ನುತ್ತದೆ. ಆದರೆ ವಿದೇಶಿಯರು ಸಂಬಳ ಇಲ್ಲದೆ, ಸ್ವಂತ ಇಷ್ಟದಿಂದ ಪ್ರಚಾರಕ್ಕೆ ಬಂದರೆ ಅಡ್ಡಿ ಇಲ್ಲ. 2016ರಲ್ಲಿ ಆಸ್ಟ್ರೇಲಿಯಾದ ಲೇಬರ್ ಪಕ್ಷ ಏಳು ಜನರನ್ನು ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಹೊರಟಿದ್ದ ಬರ್ನಿ ಸ್ಯಾಂಡರ್ಸ್ ಪ್ರಚಾರಕ್ಕೆ ಕಳಿಸಿತು. ಅವರು ಮನೆ ಮನೆ ಬಾಗಿಲು ತಟ್ಟಿದ್ದು ತಪ್ಪಾಗಲಿಲ್ಲ. ಅವರ ವಿಮಾನದ ಟಿಕೆಟ್ಟು, ದಿನದ ಭತ್ಯೆ ಪಕ್ಷ ಕೊಟ್ಟಿತ್ತು ನೋಡಿ, ಅದು ತಪ್ಪಾಯಿತು. ಎರಡೂ ಕಡೆಯವರು ತಲಾ 14,500 ಡಾಲರ್ ದಂಡ ಕಟ್ಟಿದರು. 2024ರಲ್ಲಿ ಬ್ರಿಟನ್ನಿನ ಲೇಬರ್ ಕಾರ್ಯಕರ್ತರು ಕಮಲಾ ಹ್ಯಾರಿಸ್ ಪರ ಓಡಾಡಲು ಹೊರಟಾಗ ಟ್ರಂಪ್ ಕಡೆಯವರು ದೂರು ಕೊಟ್ಟಿದ್ದೂ ಇದೇ ಕಾರಣಕ್ಕೆ. ಟಿಕೆಟ್ಟಿನ ದುಡ್ಡು ಯಾರದು ಅನ್ನುವುದೇ ಅಲ್ಲಿನ ಜಗಳ. ಸ್ವಂತ ಖರ್ಚಿನಲ್ಲಿ ಹೋಗುತ್ತಿದ್ದಾರೆ ಎಂದು ಲೇಬರ್ ಪಕ್ಷ ಹೇಳಿತು.

ಇನ್ನು ಮಾಹಿತಿಯ ವಿಷಯ. ಎದುರಾಳಿಯ ಗುಟ್ಟೊಂದನ್ನು ಹೊರದೇಶದವರು ತಂದುಕೊಟ್ಟರೆ ಅದಕ್ಕೆ ಬೆಲೆ ಕಟ್ಟುವುದು ಹೇಗೆ? 2016ರ ಜೂನ್‌ನಲ್ಲಿ ಹಿಲರಿ ಕ್ಲಿಂಟನ್ ವಿರುದ್ಧ ಮಾಹಿತಿ ಸಿಗುತ್ತದೆ ಎಂಬ ಆಸೆಯಲ್ಲಿ ಟ್ರಂಪ್ ಮಗ ರಷ್ಯಾದ ವಕೀಲೆಯನ್ನು ಭೇಟಿ ಮಾಡಿದರು. ಸರ್ಕಾರ ನೇಮಿಸಿದ ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲ್ಲರ್ ತನಿಖೆ ಮಾಡಿದರು, ಆ ಭೇಟಿಯ ಮೇಲೆ ಕೇಸ್ ಹಾಕಲಿಲ್ಲ. ಬೇಕಂತಲೇ ಕಾನೂನು ಮುರಿದರು ಎಂದು ತೋರಿಸುವುದು ಕಷ್ಟ, ಆ ಮಾಹಿತಿಯ ಬೆಲೆ ಇಷ್ಟು ಎಂದು ತೋರಿಸುವುದೂ ಕಷ್ಟ ಎಂದರು. ಅದೇ ಚುನಾವಣೆಯಲ್ಲಿ ಕ್ಲಿಂಟನ್ ಕಡೆಯ ಹಣದಿಂದ, ನಡುವಿನವರ ಮೂಲಕ, ಬ್ರಿಟನ್ನಿನ ಮಾಜಿ ಗೂಢಚಾರ ಕ್ರಿಸ್ಟೋಫರ್ ಸ್ಟೀಲ್ ಟ್ರಂಪ್ ಬಗ್ಗೆ ವರದಿ ಬರೆದಿದ್ದ. ಅದಕ್ಕೆ ಬಿಲ್ ಕೊಟ್ಟಿದ್ದರು. ಬಿಲ್ ಕೊಟ್ಟರೆ ಅದು ವ್ಯಾಪಾರ, ಪುಕ್ಕಟೆ ಆದರೆ ಕಾಣಿಕೆ. ಆಮೇಲೆ ಆ ಬಿಲ್ಲನ್ನು ಲೆಕ್ಕದಲ್ಲಿ 'ಕಾನೂನು ಸಲಹೆ' ಎಂದು ತೋರಿಸಿದ್ದಕ್ಕೆ ಕ್ಲಿಂಟನ್ ತಂಡವೂ, ಡೆಮಾಕ್ರಟಿಕ್ ಪಕ್ಷವೂ 2022ರಲ್ಲಿ ದಂಡ ಕಟ್ಟಬೇಕಾಯಿತು. ಲೆಕ್ಕ ಬರೆಯುವ ನನ್ನಂಥವನಿಗೆ ಈ ಒಂದು ಸಾಲಿನಲ್ಲಿ ಬಹಳ ಪಾಠ ಇದೆ.

ಬರೀ ಕಾನೂನು ನೋಡಿದರೆ ಇದು ಸರಿ ಕಾಣಬಹುದು. ನ್ಯಾಯವಾಗಿ ನೋಡಿದರೆ ನನಗೆ ಕಸಿವಿಸಿ. ದುಡ್ಡು ಕೊಟ್ಟು ತರಿಸಿದರೂ, ಪುಕ್ಕಟೆ ಬಂದರೂ, ಓಟು ಹಾಕುವವನ ಕಿವಿಗೆ ಬೀಳುವುದು ಒಂದೇ ಮಾತು. ಅವನಿಗೆ ಬೇಕಾಗಿರುವುದು ಈ ಮಾತು ಎಲ್ಲಿಂದ ಬಂತು ಅನ್ನುವ ಸಂಗತಿ. ಅದನ್ನೇ ಮುಚ್ಚಿದರೆ ಮೋಸ. 2016ರಲ್ಲಿ ರಷ್ಯಾದ ಒಂದು ಕಂಪನಿಯವರು ಅಮೆರಿಕದವರ ಹೆಸರು, ಫೋಟೋ ಹಾಕಿಕೊಂಡು ಫೇಸ್‌ಬುಕ್‌ನಲ್ಲಿ ಪೇಜ್ ನಡೆಸಿದರು. ಸುಮಾರು 3,000 ಜಾಹೀರಾತು, ಒಂದು ಲಕ್ಷ ಡಾಲರ್ ಎಂದು ಫೇಸ್‌ಬುಕ್ ಲೆಕ್ಕ ಕೊಟ್ಟಿತು. ಅಲ್ಲಿನ ಚುನಾವಣಾ ಖರ್ಚಿನ ಮುಂದೆ ಅದು ಕಡಲೆಕಾಯಿ. ಜನ ರೇಗಿದ್ದು ವೇಷಕ್ಕೆ.

ಹೊರಗಿನವರು ತಲೆ ಹಾಕುವುದೇ ತಪ್ಪು ಅನ್ನೋಣವೇ? ಆಗ ನಮ್ಮ ಇತಿಹಾಸವೇ ಎದ್ದು ಬರುತ್ತದೆ. ಕಾಂಗ್ರೆಸ್ ಕಟ್ಟಿದವರಲ್ಲಿ ಎ.ಒ. ಹ್ಯೂಮ್ ಬ್ರಿಟಿಷ್ ಅಧಿಕಾರಿ. 1917ರಲ್ಲಿ ಅದರ ಅಧ್ಯಕ್ಷರಾದ ಆನಿ ಬೆಸೆಂಟ್ ಹುಟ್ಟಿದ್ದು ಲಂಡನ್‌ನಲ್ಲಿ. ಬ್ರಿಟಿಷರ ವಿರುದ್ಧ ಎದ್ದ ಗದರ್ ಪಕ್ಷ ನಡೆದಿದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ. ಆಗ ಇದನ್ನು ವಿದೇಶಿ ಕೈವಾಡ ಎಂದವರು ಇಂಗ್ಲಿಷರು. ಸ್ವಾತಂತ್ರ್ಯ ಬಂದ ಮೇಲೆ ಬೇರೆ ಥರದ ಕೈಗಳೂ ಬಂದವು. ದೆಹಲಿಯಲ್ಲಿ ಅಮೆರಿಕದ ರಾಯಭಾರಿ ಆಗಿದ್ದ ಡೇನಿಯಲ್ ಮೊಯ್ನಿಹಾನ್, ಕೇರಳದಲ್ಲಿ ಒಮ್ಮೆ, ಬಂಗಾಳದಲ್ಲಿ ಒಮ್ಮೆ ಕಮ್ಯುನಿಸ್ಟರನ್ನು ಸೋಲಿಸಲು ತಮ್ಮ ದೇಶ ಕಾಂಗ್ರೆಸ್ಸಿಗೆ ಹಣ ಕೊಟ್ಟಿತ್ತು ಎಂದು 1978ರಲ್ಲಿ ಬರೆದರು. ಇಂದಿರಾ ಗಾಂಧಿ ಅಲ್ಲಗಳೆದರು.

ಹಾಗಂತ ನಾವೇನು ಬರೀ ಕೈ ಕಟ್ಟಿ ನಿಂತವರಲ್ಲ. 2019ರಲ್ಲಿ ಹ್ಯೂಸ್ಟನ್ನಿನ ಸಭೆಯಲ್ಲಿ ಪ್ರಧಾನಿ ಮೋದಿ 'ಅಬ್ ಕೀ ಬಾರ್ ಟ್ರಂಪ್ ಸರ್ಕಾರ್' ಎಂಬ ಮಾತು ಎತ್ತಿದಾಗ, ಬೇರೆ ದೇಶದ ಚುನಾವಣೆಯಲ್ಲಿ ನಮಗೇನು ಕೆಲಸ ಎಂದು ವಿರೋಧ ಪಕ್ಷದವರು ಕೇಳಿದರು. ಅದು ಟ್ರಂಪ್ ಹಿಂದೆ ಬಳಸಿದ್ದ ಮಾತನ್ನು ನೆನಪಿಸಿದ್ದು ಅಷ್ಟೇ ಎಂದು ವಿದೇಶಾಂಗ ಸಚಿವ ಜೈಶಂಕರ್ ಸಮಜಾಯಿಷಿ ಕೊಟ್ಟರು. ಅಮೆರಿಕದಲ್ಲಿ ಬಿಜೆಪಿ ಪರ ಕೆಲಸ ಮಾಡುವ ಓವರ್‌ಸೀಸ್ ಫ್ರೆಂಡ್ಸ್ ಆಫ್ ಬಿಜೆಪಿ 2020ರಲ್ಲಿ ಅಲ್ಲಿನ ಕಾನೂನಿನ ಪ್ರಕಾರ 'ವಿದೇಶಿ ಏಜೆಂಟ್' ಎಂದು ಹೆಸರು ನೋಂದಾಯಿಸಿತು. ಏಜೆಂಟ್ ಅಂದರೆ ಗೂಢಚಾರ ಅಂತಲ್ಲ. 1938ರಿಂದ ಇರುವ ಆ ಕಾನೂನು ಕೆಲಸ ಮಾಡಬೇಡಿ ಅನ್ನುವುದಿಲ್ಲ, ಯಾರ ಪರ ಮಾಡುತ್ತಿದ್ದೀರಿ ಅಂತ ಬರೆದುಕೊಡಿ ಎನ್ನುತ್ತದೆ. ನನಗೆ ಈ ದಾರಿಯೇ ಜಾಸ್ತಿ ಇಷ್ಟ.

ಆದರೆ ವಿದೇಶಿ ಸಹಾಯ ಅನ್ನುವ ಆರೋಪವೇ ಒಂದು ಪ್ರಚಾರದ ಸರಕು ಕೂಡ. 2025ರ ಫೆಬ್ರುವರಿಯಲ್ಲಿ ಅಮೆರಿಕ ಸರ್ಕಾರದ ಖರ್ಚು ಕಡಿತದ ತಂಡ, ಭಾರತದಲ್ಲಿ ಮತದಾನ ಹೆಚ್ಚಿಸಲು ಇಟ್ಟಿದ್ದ 2.1 ಕೋಟಿ ಡಾಲರ್ ರದ್ದು ಮಾಡಿದ್ದೇವೆ ಎಂದಿತು. ಇಲ್ಲಿ ವಾರಗಟ್ಟಲೆ ಕೆಸರೆರಚಾಟ. ಅವರು ತಿಂದರು, ಇವರು ತಿಂದರು. ಆ ಹಣ ಬಾಂಗ್ಲಾದೇಶಕ್ಕೆ ಮೀಸಲಾಗಿದ್ದದ್ದು ಎಂದು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ವರದಿ ಮಾಡಿತು. ಅಂಥ ಯಾವ ಹಣವೂ ಭಾರತಕ್ಕೆ ಬಂದಿಲ್ಲ ಎಂದು ಅಮೆರಿಕದ ರಾಯಭಾರ ಕಚೇರಿಯೇ ತಿಳಿಸಿದ್ದಾಗಿ ನಮ್ಮ ಸರ್ಕಾರ ಆಮೇಲೆ ಸಂಸತ್ತಿನಲ್ಲಿ ಹೇಳಿತು. ಅಷ್ಟೊತ್ತಿಗೆ ಬೈದವರು ಬೈದು ಮುಗಿಸಿದ್ದರು. ರೊಮೇನಿಯಾದಲ್ಲಿ ಇನ್ನೂ ಮುಂದೆ ಹೋಯಿತು. ಟಿಕ್‌ಟಾಕ್ ಪ್ರಚಾರದ ಹಿಂದೆ ರಷ್ಯಾ ಇದೆ ಎಂಬ ಗುಮಾನಿಯ ನಡುವೆ, 2024ರ ಡಿಸೆಂಬರ್‌ನಲ್ಲಿ ಅಲ್ಲಿನ ಸಾಂವಿಧಾನಿಕ ಕೋರ್ಟು ಅಧ್ಯಕ್ಷ ಚುನಾವಣೆಯನ್ನೇ ರದ್ದು ಮಾಡಿತು. ಜನ ಹಾಕಿದ ಓಟು ಅಳಿಸುವುದು ಸರಿಯಾ ಅಂತ ಅಲ್ಲಿ ಇನ್ನೂ ವಾದ ನಿಂತಿಲ್ಲ.

ನಮ್ಮ ಅಭ್ಯರ್ಥಿಯ ಕಥೆಗೆ ಬರುತ್ತೇನೆ. ಐವತ್ತು ಸಾವಿರ ಬರಲಿಲ್ಲ. ಬದಲಿಗೆ ತಮ್ಮ ದಿನಾ ರಾತ್ರಿ ಕೂತು ಪೋಸ್ಟರ್ ಮಾಡಿ ವಾಟ್ಸ್‌ಆ್ಯಪ್‌ಗೆ ಕಳಿಸಿದ. ಅವನ ಕೆಲಸವೇ ಅದು, ಡಿಸೈನಿಂಗ್. ಗಾಜಿನ ಮನೆ, ಹತ್ತಿ ಗಿರಣಿಯ ಹಳೇ ಚಿಮಣಿ, ಮುಂದೆ ನಮ್ಮ ಅಭ್ಯರ್ಥಿ ಕೈ ಮುಗಿದು ನಿಂತ ಫೋಟೋ. ಇಲ್ಲಿ ಮಾಡಿಸಿದ್ದರೆ ಒಂದೊಂದಕ್ಕೆ ಸಾವಿರಗಟ್ಟಲೆ ಆಗುತ್ತಿತ್ತು. ನಾನು ರಿಜಿಸ್ಟರ್ ಮುಂದೆ ಪೆನ್ನು ಹಿಡಿದು ಕೂತೆ. ಗುಲಾಬಿ ಹಾಳೆಗೆ ಬರುವುದಿಲ್ಲ, ನಗದಿಲ್ಲ. ಹಳದಿಗೂ ಇಲ್ಲ, ಬ್ಯಾಂಕಿಲ್ಲ. ಕೊನೆಗೆ ಇನ್ನು ಮುಂದೆ ಕಳಿಸಬೇಡ ಎಂದು ಹೇಳಿಸಿದೆ. ಕಾನೂನು ಬೇಡ ಅನ್ನುತ್ತದೆ ಎಂಬ ಖಾತ್ರಿ ಇರಲಿಲ್ಲ. ಲೆಕ್ಕ ಒಪ್ಪಿಸುವಾಗ ಉತ್ತರ ಕೊಡಬೇಕಾದವನು ನಾನು, ಅಷ್ಟೇ. ಅಭ್ಯರ್ಥಿ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮೇ 13ರಂದು ಎಣಿಕೆ. ಬೆಳಗ್ಗೆ ಎಂಟಕ್ಕೆ ಪೆಟ್ಟಿಗೆ ತೆರೆದಾಗ ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ ಹತ್ತೂವರೆ. ತಮ್ಮ ನಿದ್ದೆಗೆಟ್ಟು ಫೋನ್ ಮಾಡುತ್ತಲೇ ಇದ್ದ. ಠೇವಣಿ ಹೋಗುವುದು ಎರಡನೇ ಸುತ್ತಿಗೇ ಗೊತ್ತಾಯಿತು. ಅವನು ಕೇಳಿದ್ದು ಒಂದೇ, "ನಮ್ಮ ಓಣಿ ಬೂತಲ್ಲಿ ಎಷ್ಟು ಬಿತ್ತು?"

"ಮೂವತ್ತೊಂಬತ್ತು" ಅಂದೆ.

"ನಾನು ಬಂದು ಹಾಕಿದ್ರೆ ನಲವತ್ತಾಗ್ತಿತ್ತಲ್ಲಣ್ಣ" ಅಂದ. ಆಮೇಲೆ ಅವನಿಗೇ ನೆನಪಾಗಿರಬೇಕು, ನಕ್ಕು ಫೋನ್ ಇಟ್ಟ.